ಹೊಳೆಯ ಪಾಲು ಹತ್ತು ಟಿಎಂಸಿ: ಒಂದು ಅಂಕಿಯ ವಿಮರ್ಶೆ

ಕಾವೇರಿ ಜಲವಿವಾದ ನ್ಯಾಯಮಂಡಳಿ 2007ರ ಫೆಬ್ರವರಿ 5ರಂದು ತನ್ನ ಅಂತಿಮ ತೀರ್ಪನ್ನು ನೀಡಿತು. ತಮಿಳುನಾಡಿಗೆ 419, ಕರ್ನಾಟಕಕ್ಕೆ 270, ಕೇರಳಕ್ಕೆ 30, ಪುದುಚೇರಿಗೆ 7 ಟಿಎಂಸಿ ಎಂಬ ಹಂಚಿಕೆಯನ್ನು ನೀವು ಪತ್ರಿಕೆಗಳಲ್ಲಿ ಓದಿಯೇ ಇರುತ್ತೀರಿ. ಈ ನಾಲ್ಕು ಅಂಕಿಗಳನ್ನು ಕೂಡಿಸಿ ನೋಡಿ, 726 ಬರುತ್ತದೆ. ಆದರೆ ಮಂಡಳಿ ಲೆಕ್ಕಕ್ಕೆ ಹಿಡಿದದ್ದು 740 ಟಿಎಂಸಿ. ಉಳಿದ 14 ಎಲ್ಲಿ ಹೋಯಿತು? ಹಂಚಿಕೆಯ ಪಟ್ಟಿಯ ಕೊನೆಯಲ್ಲಿ, ಸಾಮಾನ್ಯವಾಗಿ ಯಾರೂ ಓದದ ಎರಡು ಸಾಲುಗಳಿವೆ. 'ಪರಿಸರ ಸಂರಕ್ಷಣೆಗೆ' 10 ಟಿಎಂಸಿ. 'ಸಮುದ್ರಕ್ಕೆ ಅನಿವಾರ್ಯವಾಗಿ ಹೋಗುವ ನೀರು' 4 ಟಿಎಂಸಿ.

ರಾಜ್ಯಗಳ ಪಾಲಿನ ಬಗ್ಗೆ ಎರಡೂ ಕಡೆ ಬೇಕಾದಷ್ಟು ಚರ್ಚೆ ನಡೆದಿದೆ. ಆ ಚರ್ಚೆ ಇಲ್ಲಿ ಬೇಡ. ಈ ಲೇಖನದ ವಿಷಯ ಆ ಕೊನೆಯ ಎರಡು ಸಾಲುಗಳು. ಅಣೆಕಟ್ಟು ಕಟ್ಟಿದ ಹೊಳೆಯೊಂದರಲ್ಲಿ ಮನುಷ್ಯರ ಉಪಯೋಗ ಮತ್ತು ಹೊಳೆಯ ಆರೋಗ್ಯ ಇವೆರಡನ್ನೂ ಸರಿದೂಗಿಸಲು ನಮ್ಮ ದೇಶ ಮಾಡಿದ ಪ್ರಯತ್ನಗಳಲ್ಲಿ ಇದು ಮುಖ್ಯವಾದದ್ದು. ಆದ್ದರಿಂದಲೇ ಅದನ್ನು ವಿಜ್ಞಾನದ ದೃಷ್ಟಿಯಿಂದ ಪರಿಶೀಲಿಸಬೇಕಾಗಿದೆ.

ಮೊದಲು ಮಂಡಳಿಗೆ ಸಲ್ಲಬೇಕಾದ ಮೆಚ್ಚುಗೆ ಸಲ್ಲಲಿ. 1990ರಲ್ಲಿ ರಚನೆಯಾದ ಮಂಡಳಿ ಅದು. ವಾದಿಸಿದವರೆಲ್ಲ ರಾಜ್ಯಗಳ ಪರ ವಕೀಲರು. ಮೀನಿನ ಪರವಾಗಿ, ನೀರುನಾಯಿಯ ಪರವಾಗಿ ವಾದಿಸುವವರಿರಲಿಲ್ಲ. ಹಾಗಿದ್ದೂ ಹೊಳೆಗೆಂದು ಒಂದು ಸಾಲನ್ನು ಬರೆದದ್ದು ಸಣ್ಣ ಸಂಗತಿಯಲ್ಲ. ಸರ್ವೋಚ್ಚ ನ್ಯಾಯಾಲಯ 2018ರ ಫೆಬ್ರವರಿ 16ರಂದು ಈ ತೀರ್ಪನ್ನು ಮಾರ್ಪಡಿಸಿ ಕರ್ನಾಟಕದ ಪಾಲನ್ನು 284.75 ಟಿಎಂಸಿಗೆ ಏರಿಸಿತು, ಬಿಳಿಗುಂಡ್ಲುವಿನಲ್ಲಿ ಅಳೆದು ಬಿಡಬೇಕಾದ ನೀರನ್ನು 192ರಿಂದ 177.25 ಟಿಎಂಸಿಗೆ ಇಳಿಸಿತು. ಆಗಲೂ ಈ 10 ಟಿಎಂಸಿಯನ್ನು ಮುಟ್ಟಲಿಲ್ಲ. ಇದನ್ನು ನೀವೇ ಪರೀಕ್ಷಿಸಿ ನೋಡಬಹುದು. ಮೊದಲಿನ ವೇಳಾಪಟ್ಟಿ ಹೀಗಿತ್ತು: ಜೂನ್ 10, ಜುಲೈ 34, ಆಗಸ್ಟ್ 50, ಸೆಪ್ಟೆಂಬರ್ 40, ಅಕ್ಟೋಬರ್ 22, ನವೆಂಬರ್ 15, ಡಿಸೆಂಬರ್ 8, ಜನವರಿ 3, ಅಲ್ಲಿಂದ ಮೇವರೆಗೆ ತಿಂಗಳಿಗೆ 2.5 ಟಿಎಂಸಿ. ಹೊಸ ಪಟ್ಟಿಯಲ್ಲಿ ಜೂನ್ 9.19, ಜುಲೈ 31.24, ಆಗಸ್ಟ್ 45.95 ಹೀಗೆ ಜನವರಿಯವರೆಗಿನ ಅಂಕಿಗಳೆಲ್ಲ ಒಂದೇ ಪ್ರಮಾಣದಲ್ಲಿ, ಸುಮಾರು ಶೇಕಡ 8ರಷ್ಟು, ಇಳಿದಿವೆ. ಫೆಬ್ರವರಿಯಿಂದ ಮೇವರೆಗಿನ 2.5 ಮಾತ್ರ ಹಾಗೆಯೇ ಉಳಿದಿದೆ. ನಾಲ್ಕು ತಿಂಗಳಿಗೆ ಒಟ್ಟು 10. ಹೊಳೆಯ ಪಾಲೆಂದರೆ ಇದೇ.

ಅಂದರೆ ಹೊಳೆಗೆ ನೀರು ಬೇಕಾಗುವುದು ಬೇಸಿಗೆಯಲ್ಲಿ ಎಂಬ ತಿಳಿವಳಿಕೆ ಈ ಪಟ್ಟಿಯ ಹಿಂದಿದೆ. ಅದು ಅರ್ಧ ಸರಿ.

2.5 ಟಿಎಂಸಿ ಎಂದರೆ ಎಷ್ಟು?

ಟಿಎಂಸಿ ಎಂದರೆ ನೂರು ಕೋಟಿ ಘನ ಅಡಿ, ಸುಮಾರು 2.83 ಕೋಟಿ ಘನ ಮೀಟರ್. ಅದು ಘನಗಾತ್ರದ ಅಳತೆಯೇ ಹೊರತು ಹರಿವಿನ ಅಳತೆಯಲ್ಲ. ತರಗತಿಯಲ್ಲಿ ಈ ವ್ಯತ್ಯಾಸವನ್ನು ಒತ್ತಿ ಹೇಳಬೇಕು, ಏಕೆಂದರೆ ಪತ್ರಿಕೆಗಳಲ್ಲಿ ಟಿಎಂಸಿ, ಕ್ಯೂಸೆಕ್‌ಗಳನ್ನು ಒಂದರ ಬದಲು ಇನ್ನೊಂದನ್ನು ಬಳಸಿ ಗೊಂದಲ ಮಾಡುವುದುಂಟು. ತೊಟ್ಟಿಯಲ್ಲಿ ಎಷ್ಟು ನೀರಿದೆ ಎಂಬುದು ಟಿಎಂಸಿ, ನಲ್ಲಿಯಿಂದ ಎಷ್ಟು ವೇಗವಾಗಿ ಬರುತ್ತಿದೆ ಎಂಬುದು ಕ್ಯೂಸೆಕ್.

30 ದಿನಗಳ ತಿಂಗಳಿನಲ್ಲಿ 25,92,000 ಸೆಕೆಂಡುಗಳಿವೆ. 2.5 ಟಿಎಂಸಿಯನ್ನು ಇದರಿಂದ ಭಾಗಿಸಿದರೆ ಸುಮಾರು 965 ಕ್ಯೂಸೆಕ್, ಅಂದರೆ ಸೆಕೆಂಡಿಗೆ 27 ಘನ ಮೀಟರ್. ಹೊಳೆಯ ಪಾತ್ರ 200 ಮೀಟರ್ ಅಗಲವಿದ್ದು ನೀರು ಸೆಕೆಂಡಿಗೆ 30 ಸೆಂಟಿಮೀಟರ್ ವೇಗದಲ್ಲಿ ಹರಿಯುತ್ತಿದೆ ಎಂದು ಊಹಿಸಿಕೊಳ್ಳಿ. ಆಗ ನೀರಿನ ಸರಾಸರಿ ಆಳ 45 ಸೆಂಟಿಮೀಟರ್. ಮೊಣಕಾಲಿನ ಮಟ್ಟ. ಕಾವೇರಿಯ ಪಾತ್ರ ಹೀಗೆ ಚಪ್ಪಟೆಯಾಗಿಲ್ಲ. ಬಂಡೆಗಳ ನಡುವೆ ಕವಲೊಡೆದು, ಮಡುವಿನಲ್ಲಿ ನಿಂತು ಹರಿಯುತ್ತದೆ. ಆದ್ದರಿಂದ ಕೆಲವು ಕಡೆ ಆಳ ಹೆಚ್ಚು, ಕೆಲವು ಕಡೆ ಬರೀ ಕಲ್ಲು ತೋಯುವಷ್ಟು.

ಇನ್ನೊಂದು ಹೋಲಿಕೆ ನೋಡೋಣ. 2024ರ ಅಕ್ಟೋಬರಿನಲ್ಲಿ ಕಾವೇರಿ ಐದನೆಯ ಹಂತ ಉದ್ಘಾಟನೆಯಾದ ಮೇಲೆ ಬೆಂಗಳೂರಿಗೆ ಕಾವೇರಿ ನೀರು ಒದಗಿಸುವ ಒಟ್ಟು ಸಾಮರ್ಥ್ಯ ದಿನಕ್ಕೆ ಸುಮಾರು 222.5 ಕೋಟಿ ಲೀಟರ್. ತಿಂಗಳಿಗೆ ಲೆಕ್ಕ ಹಾಕಿದರೆ 2.36 ಟಿಎಂಸಿ. ಎಲ್ಲ ಹಂತಗಳೂ ಪೂರ್ಣವಾಗಿ ನಡೆದರೆ ಬೇಸಿಗೆಯ ತಿಂಗಳೊಂದರಲ್ಲಿ ಒಂದು ನಗರ ಎತ್ತಿಕೊಳ್ಳುವ ನೀರು ಇಡೀ ಹೊಳೆಗೆ ಬಿಟ್ಟ ಪಾಲಿಗೆ ಹೆಚ್ಚುಕಡಿಮೆ ಸಮ. ನಗರಕ್ಕೆ ನೀರು ಬೇಡ ಎಂದು ಇದರ ಅರ್ಥವಲ್ಲ. 10 ಟಿಎಂಸಿ ಎಂದಾಗ ದೊಡ್ಡದಾಗಿ ಕೇಳಿಸುವ ಅಂಕಿಯ ನಿಜವಾದ ಗಾತ್ರ ಮನಸ್ಸಿಗೆ ಬರಲಿ ಎಂದು ಈ ಹೋಲಿಕೆ.

740ರಲ್ಲಿ 10 ಎಂದರೆ ಶೇಕಡ 1.35. ಇಲ್ಲಿ ಆತುರದ ತೀರ್ಮಾನ ಕೂಡದು. ಅಮೆರಿಕದ ಟೆನಂಟ್ ಎಂಬ ವಿಜ್ಞಾನಿ 1976ರಲ್ಲಿ ಮಂಡಿಸಿದ ಸರಳ ಸೂತ್ರವೊಂದಿದೆ. ವರ್ಷದ ಸರಾಸರಿ ಹರಿವಿನ ಶೇಕಡ 10ರಷ್ಟಿದ್ದರೆ ಮೀನುಗಳು ಸ್ವಲ್ಪ ಕಾಲ ಹೇಗೋ ಜೀವ ಹಿಡಿದಾವು, ಶೇಕಡ 30 ಇದ್ದರೆ ನೆಮ್ಮದಿ, ಶೇಕಡ 60 ಇದ್ದರೆ ಅತ್ಯುತ್ತಮ. ನಮ್ಮ ಪರಿಸರ ಲೇಖನಗಳಲ್ಲಿ ಈ ಶೇಕಡ 10 ಮಂತ್ರದಂತೆ ಬರುತ್ತದೆ, 1.35ರ ಪಕ್ಕದಲ್ಲಿಟ್ಟು 'ನೋಡಿ, ಎಂಥ ಅನ್ಯಾಯ' ಎನ್ನುವುದೂ ಸುಲಭ. ಆದರೆ ಟೆನಂಟ್ ಅಳೆದದ್ದು ಮೊಂಟಾನಾ, ವಯೋಮಿಂಗ್, ನೆಬ್ರಾಸ್ಕ ಪ್ರಾಂತ್ಯಗಳ ಹನ್ನೊಂದು ಹೊಳೆಗಳನ್ನು. ಅಲ್ಲಿ ಹಿಮ ಕರಗಿ ನೀರು ಬರುತ್ತದೆ. ಮುಂಗಾರಿನ ನಾಲ್ಕು ತಿಂಗಳಲ್ಲಿ ವರ್ಷದ ನೀರಿನ ಬಹುಪಾಲು ಹರಿದುಹೋಗುವ ಹೊಳೆಗೆ ಆ ಸೂತ್ರ ಹೇಗೆ ಹೊಂದುತ್ತದೆ? ಮಾಘಮಾಸದ ಕಾವೇರಿಗೆ ವಾರ್ಷಿಕ ಸರಾಸರಿ ಎಂಬುದು ಬರೀ ಕಾಗದದ ಮೇಲಿನ ಸಂಖ್ಯೆ. ಗಂಗಾನದಿಯ ಮೇಲ್ಭಾಗಕ್ಕೆ ಕೇಂದ್ರ ಸರ್ಕಾರ 2018ರ ಅಕ್ಟೋಬರಿನಲ್ಲಿ ಹೊರಡಿಸಿದ ಅಧಿಸೂಚನೆ ಈ ದೃಷ್ಟಿಯಿಂದ ಒಂದು ಹೆಜ್ಜೆ ಮುಂದಿದೆ. ನವೆಂಬರಿನಿಂದ ಮಾರ್ಚ್‌ವರೆಗೆ ಆಯಾ ಕಾಲದ ಹರಿವಿನ ಶೇಕಡ 20, ಅಕ್ಟೋಬರ್, ಏಪ್ರಿಲ್, ಮೇ ತಿಂಗಳುಗಳಲ್ಲಿ ಶೇಕಡ 25, ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಶೇಕಡ 30 ಎಂದು ಅದು ಋತುಮಾನವನ್ನು ಗುರುತಿಸುತ್ತದೆ. ಅಂಕಿಗಳು ಸಾಲವು ಎಂಬ ಟೀಕೆ ಇದ್ದರೂ ವಾರ್ಷಿಕ ಮೊತ್ತಕ್ಕಿಂತ ಇದು ವಿವೇಕದ ದಾರಿ.

ಕಾವೇರಿಯ ಲೆಕ್ಕದಲ್ಲಿ ಮರೆಯಬಾರದ ಇನ್ನೊಂದು ಸಂಗತಿ ಇದೆ. ಕೃಷ್ಣರಾಜಸಾಗರದಿಂದ ಮೆಟ್ಟೂರಿನ ತನಕ ಹರಿಯುವ ನೀರು ಈ 10 ಟಿಎಂಸಿ ಮಾತ್ರವಲ್ಲ. ತಮಿಳುನಾಡಿಗೆ ಹೋಗಬೇಕಾದ 177.25 ಟಿಎಂಸಿ ಅಷ್ಟೂ ಇದೇ ಪಾತ್ರದಲ್ಲಿಯೇ ಹೋಗಬೇಕು. ಕೆಳಗಿನ ರಾಜ್ಯದ ಹಕ್ಕು ಇಲ್ಲದಿದ್ದರೆ ಶಿವನಸಮುದ್ರದ ಕೆಳಗಿನ ಕಾಡಿನ ಕಾವೇರಿ ಎಷ್ಟೋ ತಿಂಗಳು ಒಣಗಿರುತ್ತಿತ್ತು. ಎರಡು ರಾಜ್ಯಗಳ ಜಗಳದ ಒಂದು ಫಲ, ಯಾರೂ ಬಯಸದೆ ದೊರೆತ ಫಲ, ಈ ಹೊಳೆಯಲ್ಲಿ ಉಳಿದಿರುವ ಜೀವ. ಆದರೆ ಮೆಟ್ಟೂರು ದಾಟಿ ಕಲ್ಲಣೈಯಲ್ಲಿ ಕಾಲುವೆಗಳಿಗೆ ಹಂಚಿಹೋದ ಮೇಲೆ ಹೊಳೆಗೆ ಆ ಆಸರೆಯೂ ಇಲ್ಲ. ಅಲ್ಲಿ ಪಟ್ಟಿಯಲ್ಲಿ ಉಳಿಯುವುದು 4 ಟಿಎಂಸಿ.

ಮೊತ್ತ ಒಂದೇ, ಹೊಳೆ ಬೇರೆ

ಈಗ ಮುಖ್ಯ ಆಕ್ಷೇಪಕ್ಕೆ ಬರೋಣ. ಹೊಳೆಯ ಜೀವಿಗಳಿಗೆ ತಿಂಗಳ ಮೊತ್ತ ಗೊತ್ತಿಲ್ಲ. ಅವಕ್ಕೆ ಗೊತ್ತಿರುವುದು ಈ ಗಂಟೆಯ ನೀರು.

ತೀರ್ಪಿನ ಪ್ರಕಾರ ತಿಂಗಳ ಪ್ರಮಾಣವನ್ನು ಹತ್ತು ಹತ್ತು ದಿನಗಳ ಭಾಗಗಳಾಗಿ ಬಿಡಿಸಬೇಕು. ಆಗ ಬೇಸಿಗೆಯ ಪ್ರತಿ ಹತ್ತು ದಿನಕ್ಕೆ 0.83 ಟಿಎಂಸಿ ಬರುತ್ತದೆ. ಇದನ್ನು ಹತ್ತು ದಿನವೂ ಸಮವಾಗಿ ಬಿಟ್ಟರೆ 965 ಕ್ಯೂಸೆಕ್. ಎರಡೇ ದಿನದಲ್ಲಿ 4,800 ಕ್ಯೂಸೆಕ್‌ನಂತೆ ಬಿಟ್ಟು ಉಳಿದ ಎಂಟು ದಿನ ತೂಬು ಮುಚ್ಚಿದರೂ ಮೊತ್ತ ಅಷ್ಟೇ. ಲೆಕ್ಕದ ಪುಸ್ತಕಕ್ಕೆ ಎರಡೂ ಒಂದೇ. ಮೊದಲನೆಯದರಲ್ಲಿ ಮಡುವಿನಿಂದ ಮಡುವಿಗೆ ದಾರಿ ತೆರೆದಿರುತ್ತದೆ. ಎರಡನೆಯದರಲ್ಲಿ ನೀರು ಏರಿದಾಗ ದಂಡೆಯ ಹುಲ್ಲಿನ ನಡುವೆ ಸೇರಿದ ಮರಿಮೀನುಗಳು ನೀರು ಇಳಿದಾಗ ಹೊಂಡಗಳಲ್ಲಿ ಸಿಕ್ಕಿಬೀಳುತ್ತವೆ, ಬಿಸಿಲಿಗೆ ಆ ನೀರು ಕಾಯುತ್ತದೆ, ಕಾದ ನೀರಿನಲ್ಲಿ ಆಮ್ಲಜನಕ ಕರಗುವುದು ಕಡಿಮೆ. ಮುಂದಿನದನ್ನು ನೀವೇ ಊಹಿಸಬಹುದು. ಜಲವಿದ್ಯುತ್ ಕೇಂದ್ರವಿರುವ ಕಡೆಗಳಲ್ಲಿ ಸಂಜೆಯ ಬೇಡಿಕೆಗೆ ನೀರು ಬಿಟ್ಟು ರಾತ್ರಿ ನಿಲ್ಲಿಸಿದರೆ ಇದೇ ಏರಿಳಿತ ದಿನದಿನವೂ ನಡೆಯುತ್ತದೆ.

1997ರಲ್ಲಿ ಪಾಫ್ ಮತ್ತು ಸಂಗಡಿಗರು ಪ್ರಕಟಿಸಿದ ಲೇಖನವೊಂದು ನದಿ ವಿಜ್ಞಾನದ ದಿಕ್ಕನ್ನೇ ಬದಲಿಸಿತು. ಹೊಳೆಯ ಹರಿವಿನಲ್ಲಿ ಐದು ಗುಣಗಳಿವೆ ಎಂದರು ಅವರು: ಎಷ್ಟು ನೀರು, ಎಷ್ಟು ಸಲ, ಎಷ್ಟು ಹೊತ್ತು, ಯಾವ ಕಾಲದಲ್ಲಿ, ಎಷ್ಟು ವೇಗದ ಏರಿಳಿತ. ಈ ಐದರಲ್ಲಿ ಕಾವೇರಿಯ 10 ಟಿಎಂಸಿ ಮೊದಲನೆಯದನ್ನು ಹೇಳುತ್ತದೆ, ನಾಲ್ಕನೆಯದನ್ನು ಒಂದಿಷ್ಟು ಮುಟ್ಟುತ್ತದೆ, ಉಳಿದ ಮೂರರ ಬಗ್ಗೆ ಮೌನ.

ಕಾಲದ ವಿಷಯದಲ್ಲೂ ಅರ್ಧ ಸರಿ ಎಂದೆನಲ್ಲ, ಅದನ್ನು ವಿವರಿಸಬೇಕು. ಮಲೆನಾಡಿನವರಿಗೆ 'ಹತ್ತುಮೀನು' ಗೊತ್ತು. ಮುಂಗಾರಿನ ಮೊದಲ ಕೆಂಪುನೀರು ಬಂದಾಗ ಮೀನುಗಳು ಪ್ರವಾಹಕ್ಕೆ ಎದುರಾಗಿ ಹಳ್ಳಗಳನ್ನೂ ಗದ್ದೆಯ ಬದುಗಳನ್ನೂ ಹತ್ತುತ್ತವೆ, ಮೊಟ್ಟೆಯಿಡಲು. ತಾಪ ಇಳಿಯುವುದು, ನೀರು ರಾಡಿಯಾಗುವುದು, ಮಟ್ಟ ಏರುವುದು ಇವೆಲ್ಲ ಸೇರಿ ಮೀನಿನ ದೇಹಕ್ಕೆ ಸಂಕೇತ. ಜಲಾಶಯದ ಕೆಳಗೆ ಈ ಸಂಕೇತ ತಲುಪುವುದಿಲ್ಲ. ಬೇಸಿಗೆಯ ಕೊನೆಗೆ ಬರಿದಾದ ಜಲಾಶಯ ಜೂನ್, ಜುಲೈ ತಿಂಗಳ ಮೊದಲ ಪ್ರವಾಹಗಳನ್ನು ನುಂಗಿಕೊಳ್ಳುತ್ತದೆ. ಅದು ಇರುವುದೇ ಅದಕ್ಕೆ. ಕೃಷ್ಣರಾಜಸಾಗರ ತುಂಬಿ ಬಾಗಿಲು ತೆರೆಯುವ ಹೊತ್ತಿಗೆ, ಅದೂ ತುಂಬುವ ವರ್ಷಗಳಲ್ಲಿ, ಕೆಳಗಿನ ಹೊಳೆಯ ಮೀನುಗಳ ಪಾಲಿಗೆ ಮುಂಗಾರು ತಿಂಗಳುಗಟ್ಟಲೆ ತಡವಾಗಿರಬಹುದು. ಫೆಬ್ರವರಿಯಿಂದ ಮೇವರೆಗೆ ಎಷ್ಟೇ ನಿಷ್ಠೆಯಿಂದ 2.5 ಟಿಎಂಸಿ ಬಿಟ್ಟರೂ ಜೂನ್ ತಿಂಗಳ ಈ ನಷ್ಟ ಭರ್ತಿಯಾಗುವುದಿಲ್ಲ.

ನಷ್ಟದ ಉದಾಹರಣೆಯಾಗಿ ಕಾವೇರಿಯ ಮಹಶೀರ್ ಮೀನನ್ನು ಹೇಳುವುದು ವಾಡಿಕೆ. ಕಾವೇರಿ ಕೊಳ್ಳದಲ್ಲಿ ಮಾತ್ರ ಇರುವ, ಬೆನ್ನು ಗೂನಾದ ಈ ದೈತ್ಯ ಮೀನು 50 ಕಿಲೋ ಮೀರಿ ಬೆಳೆಯಬಲ್ಲದು. 1946ರಲ್ಲಿ ಕಬಿನಿಯಲ್ಲಿ ಗಾಳಕ್ಕೆ ಸಿಕ್ಕಿದ್ದು 120 ಪೌಂಡ್ ತೂಗಿತ್ತು. ಇದರ ಸರಿಯಾದ ವೈಜ್ಞಾನಿಕ ಹೆಸರು ಟಾರ್ ರೆಮಾದೇವಿಯೈ ಎಂದು ಖಚಿತವಾದದ್ದೇ 2018ರಲ್ಲಿ. ಅದೇ ವರ್ಷ ಅದು ತೀವ್ರ ಅಳಿವಿನಂಚಿನ ಪಟ್ಟಿಗೂ ಸೇರಿತು. ಆದರೆ ಎಲ್ಲ ದೋಷವನ್ನೂ ಅಣೆಕಟ್ಟಿನ ಮೇಲೆ ಹೊರಿಸುವುದು ವಿಜ್ಞಾನವಲ್ಲ. ಹೊರಗಿನ ಕೊಳ್ಳದ ನೀಲಿ ರೆಕ್ಕೆಯ ಮಹಶೀರ್ ಮರಿಗಳನ್ನು ಸಂರಕ್ಷಣೆಯ ಹೆಸರಿನಲ್ಲಿಯೇ 1970ರ ದಶಕದಿಂದೀಚೆಗೆ ಕಾವೇರಿಗೆ ಬಿಡಲಾಯಿತು, ಅವು ಇಲ್ಲಿನ ಮೂಲ ಮೀನಿನ ಜಾಗವನ್ನು ಆಕ್ರಮಿಸಿದವು. ಡೈನಮೈಟ್ ಸಿಡಿಸಿ ಮೀನು ಹಿಡಿಯುವವರೂ ಇದ್ದರು. ಮರಳುಗಣಿಗಾರಿಕೆ ಇದೆ. ಹರಿವು ಬದಲಾದದ್ದು ಈ ಕಾರಣಗಳಲ್ಲಿ ಒಂದು. ಎಷ್ಟನೆಯ ಪಾಲು ಎಂದು ಬಿಡಿಸಿ ಹೇಳುವುದು ಕಷ್ಟ. ಇದಕ್ಕಿಂತ ಹಿಲ್ಸಾದ ಕಥೆ ಸ್ಪಷ್ಟ. ಸಮುದ್ರದಿಂದ ಹೊಳೆಗೆ ಹತ್ತಿ ಮೊಟ್ಟೆಯಿಡುವ ಹಿಲ್ಸಾ ಮೀನುಗಾರಿಕೆ ಕೆಳಭಾಗದ ಅಣೆಗಳಿಂದಲೂ 1934ರ ಮೆಟ್ಟೂರು ಅಣೆಕಟ್ಟಿನಿಂದಲೂ ಕಾವೇರಿಯಲ್ಲಿ ಕುಸಿಯಿತು. ಗಂಗೆಯಲ್ಲಿ 1975ರ ಫರಕ್ಕಾ ಬ್ಯಾರೇಜಿನ ನಂತರ ಆದದ್ದೂ ಅದೇ. ಅಲ್ಲಿ ಮೊದಲು ಅಲಹಾಬಾದಿನವರೆಗೂ, ಇನ್ನೂ ಮೇಲಕ್ಕೂ ಹಿಲ್ಸಾ ಹತ್ತುತ್ತಿತ್ತು.

ನೀರಿನ ಜೊತೆ ಬರದ ಮಣ್ಣು

ಹೊಳೆ ಎಂದರೆ ನೀರು ಮಾತ್ರವಲ್ಲ, ನೀರು ಹೊತ್ತ ಮಣ್ಣು ಮತ್ತು ಮರಳು ಕೂಡ. 10 ಟಿಎಂಸಿಯ ಸಾಲಿನಲ್ಲಿ ಇದರ ಪ್ರಸ್ತಾಪವೇ ಇಲ್ಲ. ನಮ್ಮಲ್ಲಿ ಹೂಳಿನ ಮಾತು ಬರುವುದು ಜಲಾಶಯದ ಸಾಮರ್ಥ್ಯ ಕುಗ್ಗಿತು ಎಂಬ ದೂರಿನಲ್ಲಿ ಮಾತ್ರ. ತುಂಗಭದ್ರೆಯ ಉದಾಹರಣೆ ನಿಮಗೆ ತಿಳಿದಿದೆ: 1953ರಲ್ಲಿ ಸುಮಾರು 132 ಟಿಎಂಸಿ ಇದ್ದ ಸಂಗ್ರಹ ಈಗ 105.788 ಟಿಎಂಸಿ ಎಂದು ಲೆಕ್ಕ. ಐದನೆಯ ಒಂದು ಭಾಗ ಹೂಳಿಗೆ ಹೋಯಿತು. ಆದರೆ ಜಲಾಶಯದಲ್ಲಿ ಶಾಪವಾದ ಈ ಹೂಳು ಕೆಳಗಿನ ಹೊಳೆಗೂ ಮುಖಜಭೂಮಿಗೂ ಆಹಾರವಾಗಿತ್ತು. ಮಣ್ಣನ್ನು ಜಲಾಶಯದಲ್ಲಿ ಇಳಿಸಿ ತಿಳಿಯಾಗಿ ಹೊರಬರುವ ನೀರು ಹಸಿದ ನೀರು. ಅದು ಕೆಳಗಿನ ಪಾತ್ರದ ಮರಳನ್ನೂ ದಂಡೆಯನ್ನೂ ಕೊರೆದು ತಿನ್ನುತ್ತದೆ.

ಈ ವಿಷಯದಲ್ಲಿ ಅಮೆರಿಕದ ಕೊಲರಾಡೊ ನದಿಯ ಒಂದು ಪ್ರಯೋಗವನ್ನು ವಿವರವಾಗಿ ತಿಳಿಯುವುದು ಒಳ್ಳೆಯದು. ಅಲ್ಲಿ ಗ್ಲೆನ್ ಕ್ಯಾನ್ಯನ್ ಅಣೆಕಟ್ಟು 1963ರಿಂದ ನೀರು ಹಿಡಿಯುತ್ತಿದೆ. ಬಿಸಿಲುನಾಡಿನ ಕೆಂಪು, ಬೆಚ್ಚನೆಯ ಹೊಳೆ ಹಸಿರುಬಣ್ಣದ ತಣ್ಣನೆಯ ಹೊಳೆಯಾಯಿತು. ಜಲಾಶಯದಲ್ಲಿ ಬೇಸಿಗೆಯ ನೀರು ಪದರ ಪದರವಾಗಿ ನಿಲ್ಲುತ್ತದೆ. ಬಿಸಿ ನೀರು ಹಗುರ, ಮೇಲೆ, ತಣ್ಣನೆಯದು ಭಾರ, ಕೆಳಗೆ. ವಿದ್ಯುತ್‌ಗಾಗಿ ಆಳದಿಂದ ನೀರು ಸೆಳೆದುದರಿಂದ ದಶಕಗಳ ಕಾಲ ಕೆಳಗಿನ ಹೊಳೆ ಬೇಸಿಗೆಯಲ್ಲೂ 10 ಡಿಗ್ರಿಯ ಆಸುಪಾಸಿನಲ್ಲಿತ್ತು. ಅಲ್ಲಿನ ಸ್ಥಳೀಯ ಮೀನುಗಳು ಸೊರಗಿದವು, ಹೊರಗಿನಿಂದ ತಂದ ಟ್ರೌಟ್ ಕೊಬ್ಬಿತು. ಕಣಿವೆಯ ಮರಳದಂಡೆಗಳು ಕರಗತೊಡಗಿದವು.

1996ರ ಮಾರ್ಚ್ ಕೊನೆಯಲ್ಲಿ ಅಲ್ಲಿನ ವಿಜ್ಞಾನಿಗಳು ಮತ್ತು ಎಂಜಿನಿಯರುಗಳು ಸೇರಿ ಬೇಕೆಂದೇ ಒಂದು ಪ್ರವಾಹವನ್ನು ಉಂಟುಮಾಡಿದರು. ಏಳು ದಿನ, 45,000 ಕ್ಯೂಸೆಕ್. ಮರಳದಂಡೆಗಳು ಮತ್ತೆ ಬೆಳೆದವು, ಪತ್ರಿಕೆಗಳು ಹೊಗಳಿದವು. ನಂತರ ಅಳೆದು ನೋಡಿದಾಗ ತಿಳಿದದ್ದೇ ಬೇರೆ. ಮರಳು ಹೊಸದಾಗಿ ಬಂದಿರಲಿಲ್ಲ. ಹಳೆಯ ದಂಡೆಗಳ ಕೆಳಭಾಗದ ಮರಳನ್ನೇ ಪ್ರವಾಹ ಎತ್ತಿ ಮೇಲಿಟ್ಟಿತ್ತು. ಬಂಡವಾಳವನ್ನು ಮುರಿದು ಖರ್ಚು ಮಾಡಿದಂತೆ. ಅಣೆಕಟ್ಟಿನ ಕೆಳಗೆ ಸೇರುವ ಪಾರಿಯಾ ಎಂಬ ಉಪನದಿ ಮರಳು ತಂದ ಮೇಲೆ ಪ್ರವಾಹ ಬಿಟ್ಟರೆ ಮಾತ್ರ ಉಪಯೋಗ ಎಂದು ಅರಿತು, 2004 ಮತ್ತು 2008ರಲ್ಲಿ ಹಾಗೆ ಮಾಡಿದರು. 2012ರಿಂದ ಅದಕ್ಕೊಂದು ನಿಯಮಾವಳಿಯೇ ಇದೆ. ವಿದ್ಯುತ್ ಯಂತ್ರಗಳನ್ನು ಹಾಯದೆ ಹೊರಬಿಟ್ಟ ನೀರಿಗೆ ತಕ್ಕಷ್ಟು ಆದಾಯ ಖೋತಾ ಆಗುತ್ತದೆ, ಆ ಲೆಕ್ಕವನ್ನೂ ಬಹಿರಂಗವಾಗಿಯೇ ಇಡುತ್ತಾರೆ. ಈ ಪ್ರಯೋಗವನ್ನು ನಕಲು ಮಾಡಬೇಕೆಂದಲ್ಲ. ನಮ್ಮ ಅಣೆಕಟ್ಟುಗಳ ನಡಾವಳಿಯಲ್ಲಿ ಕಾಣದಿರುವುದು ಪ್ರವಾಹವಲ್ಲ, ಬಿಟ್ಟ ಮೇಲೆ ಅಳೆಯುವ ಕ್ರಮ.

ಇನ್ನು ಆ 4 ಟಿಎಂಸಿ. 'ಅನಿವಾರ್ಯವಾಗಿ' ಎಂಬ ಮಾತನ್ನು ಗಮನಿಸಿ. ತಡೆಯಲಾಗದ್ದರಿಂದ ಹೋಗುತ್ತದೆ, ಹೋಗಬೇಕಾದದ್ದರಿಂದಲ್ಲ. 'ನೀರು ಸಮುದ್ರಕ್ಕೆ ಹರಿದು ಪೋಲಾಗುತ್ತಿದೆ' ಎಂದು ನಾವು ದಿನವೂ ಕೇಳುವ ಮಾತಿನ ಕಾನೂನು ರೂಪ ಇದು. ಪೋಲಾಗುವ ಆ ನೀರೇ ನದಿಮುಖದಲ್ಲಿ ಉಪ್ಪುನೀರು ಒಳನುಗ್ಗದಂತೆ ತಡೆಯುವುದು, ಕಡಲಂಚಿಗೆ ಪೋಷಕಾಂಶ ಮತ್ತು ಹೂಳು ಒಯ್ಯುವುದು. ತಂಜಾವೂರು, ನಾಗಪಟ್ಟಣಂ ಕಡೆಯ ಕರಾವಳಿಯ ಬಾವಿಗಳಿಗೆ ಉಪ್ಪು ಏರುವುದಕ್ಕೂ ಈ ಪೋಲಿನ ಲೆಕ್ಕಕ್ಕೂ ಸಂಬಂಧವಿದೆ. ಶಿಕ್ಷಕರು ಇದೊಂದು ಪದವನ್ನು ತರಗತಿಯಲ್ಲಿ ಬಳಸುವುದನ್ನು ಬಿಟ್ಟರೂ ಲಾಭವೇ.

ಎಲ್ಲಿ ಅಳೆಯುತ್ತೇವೆ, ಏನನ್ನು ಅಳೆಯುತ್ತೇವೆ?

ಈ 10 ಟಿಎಂಸಿಯನ್ನು ಅಳೆಯುವ ಜಾಗ ಬಿಳಿಗುಂಡ್ಲು, ರಾಜ್ಯದ ಗಡಿ. ಗಡಿ ಎಂಬುದು ಆಡಳಿತಕ್ಕೆ ಸರಿ, ಜೀವಿಗಳಿಗೆ ಅಲ್ಲ. ಕೃಷ್ಣರಾಜಸಾಗರದ ಕೆಳಗೆ, ಕಬಿನಿಯ ಕೆಳಗೆ, ಹೇಮಾವತಿಯ ಕೆಳಗೆ, ಹಾರಂಗಿಯ ಕೆಳಗೆ ಹೊಳೆಯಲ್ಲಿ ಇಷ್ಟು ನೀರು ಇರಲೇಬೇಕು ಎಂದು ಈ ವೇಳಾಪಟ್ಟಿ ಹೇಳುವುದಿಲ್ಲ.

ಬಿಳಿಗುಂಡ್ಲುವಿನ ಮೇಲುಗಡೆ ಸಂಗಮದಲ್ಲಿ ಅರ್ಕಾವತಿ ಬಂದು ಕಾವೇರಿಯನ್ನು ಸೇರುತ್ತದೆ. ಅರ್ಕಾವತಿಗೆ ವೃಷಭಾವತಿ, ವೃಷಭಾವತಿಗೆ ಬೆಂಗಳೂರಿನ ಚರಂಡಿ. ಕುಡಿಯಲು ಎತ್ತಿದ ನೀರಿನಲ್ಲಿ ನಿಜವಾಗಿ 'ಬಳಕೆಯಾಗುವುದು' ಶೇಕಡ 20, ಉಳಿದದ್ದು ಮರಳಿ ಹೊಳೆಗೆ ಸೇರುತ್ತದೆ ಎಂದು ಮಂಡಳಿ ಲೆಕ್ಕ ಹಿಡಿದಿತ್ತು. ಘನಗಾತ್ರದ ಗಣಿತಕ್ಕೆ ಅದು ಒಪ್ಪಬಹುದು. ಆದರೆ ತೊರೆಕಾಡನಹಳ್ಳಿಯಲ್ಲಿ ಎತ್ತಿದ ನೀರು ಮತ್ತು ಬೈರಮಂಗಲದ ಕೆರೆ ದಾಟಿ ನೊರೆಯೊಡನೆ ಮರಳುವ ನೀರು ಒಂದೇ ಎಂದು ರಸಾಯನಶಾಸ್ತ್ರದ ಯಾವ ವಿದ್ಯಾರ್ಥಿಯೂ ಒಪ್ಪಲಾರ. ಬಿಳಿಗುಂಡ್ಲುವಿನ ಹರಿವಿನ ಲೆಕ್ಕಕ್ಕೆ ಈ ಭೇದ ಕಾಣದು. ಅದರ ದೃಷ್ಟಿಯಲ್ಲಿ ಎರಡೂ ಕ್ಯೂಸೆಕ್.

ಬರದ ವರ್ಷದ ಮಾತು ಇನ್ನೂ ಕಷ್ಟ. ನೀರು ಕಡಿಮೆಯಾದಾಗ ರಾಜ್ಯಗಳ ಪಾಲನ್ನು ಅದೇ ಪ್ರಮಾಣದಲ್ಲಿ ತಗ್ಗಿಸಬೇಕು ಎಂಬುದು ತೀರ್ಪಿನ ಸೂತ್ರ. 2023ರ ಮುಂಗಾರು ಕೈಕೊಟ್ಟಾಗ ಮಂಡ್ಯದ ರೈತರು ರಸ್ತೆಗಿಳಿದದ್ದು, ಬೆಂಗಳೂರು ಬಂದ್ ಆದದ್ದು ನಿಮಗೆ ನೆನಪಿರಬಹುದು. ಅಂಥ ಹೊತ್ತಿನಲ್ಲಿ ಹೊಳೆಯ ಪಾಲಿನ ಬಗ್ಗೆ ಕೇಳಿದರೆ ಯಾರಿಗಾದರೂ ಸಿಟ್ಟು ಬರುತ್ತದೆ. ಬರಬೇಕಾದದ್ದೇ. ಒಣಗುವ ಭತ್ತದ ಎದುರು ಮೀನಿನ ಪರ ಮಾತಾಡುವವನು ತನ್ನ ಊಟದ ತಟ್ಟೆಯನ್ನು ಮೊದಲು ನೋಡಿಕೊಳ್ಳಬೇಕು. ವಿಶ್ವೇಶ್ವರಯ್ಯ ನಾಲೆ ಬರುವ ಮುಂಚೆ ಮಂಡ್ಯದ ಸೀಮೆ ರಾಗಿ, ಜೋಳಕ್ಕೂ ಮಳೆಯ ಮುಖ ನೋಡುತ್ತಿತ್ತು. 1911ರಲ್ಲಿ ಆರಂಭವಾದ ಕೃಷ್ಣರಾಜಸಾಗರ ಆ ಬದುಕನ್ನು ಬದಲಿಸಿತು. ಅದನ್ನು ಮರೆತ ಪರಿಸರವಾದಕ್ಕೆ ಈ ನಾಡಿನಲ್ಲಿ ಕೇಳುವವರಿಲ್ಲ, ಇರಬೇಕಾಗಿಯೂ ಇಲ್ಲ. ಹಾಗೆಂದು ಪಠ್ಯಪುಸ್ತಕಗಳ 'ಬಹೂಪಯೋಗಿ ಯೋಜನೆ' ಪಾಠವೂ ಪೂರ್ತಿ ಪ್ರಾಮಾಣಿಕವಲ್ಲ. ನೀರಾವರಿ, ವಿದ್ಯುತ್, ಪ್ರವಾಹ ನಿಯಂತ್ರಣ, ಮೀನುಗಾರಿಕೆ ಎಂದು ಪಟ್ಟಿ ಕೊಡುತ್ತದೆ. ಪ್ರವಾಹ ತಡೆಯಬೇಕಾದರೆ ಜುಲೈಯಲ್ಲಿ ಜಲಾಶಯ ಖಾಲಿ ಇರಬೇಕು, ನೀರಾವರಿಗೆ ತುಂಬಿರಬೇಕು. ವಿದ್ಯುತ್ತಿಗೆ ಸಂಜೆ ನೀರು ಬೇಕು, ಪೈರಿಗೆ ಸರದಿಯಲ್ಲಿ ಬೇಕು. ಉಪಯೋಗಗಳೇ ಒಂದರೊಡನೊಂದು ಗುದ್ದಾಡುತ್ತವೆ. ಹೊಳೆಯ ಆರೋಗ್ಯ ಆ ಗುದ್ದಾಟಕ್ಕೆ ಸೇರುವ ಇನ್ನೊಂದು ಪಕ್ಷ, ಅಷ್ಟೆ.

ಹಾಗಾದರೆ ಇನ್ನೂ ಹೆಚ್ಚು ಟಿಎಂಸಿ ಕೇಳಬೇಕೆ? ಅಗತ್ಯವಾಗಿ ಅಲ್ಲ. ಇರುವ ಲೆಕ್ಕದೊಳಗೇ ಆಗಬಹುದಾದ ಒಂದನ್ನು ನೋಡಿ. ಜೂನ್ ತಿಂಗಳಲ್ಲಿ ಬಿಳಿಗುಂಡ್ಲುವಿಗೆ 9.19 ಟಿಎಂಸಿ ತಲುಪಬೇಕು. ಮುಂಗಾರಿನ ಮೊದಲ ಒಳಹರಿವು ಬಂದಾಗ ಮೂರು ದಿನ 10,000 ಕ್ಯೂಸೆಕ್ ಹೊಳೆಗೆ ಬಿಟ್ಟರೆ ಖರ್ಚಾಗುವುದು 2.6 ಟಿಎಂಸಿ. ಆ ನೀರು ಎಲ್ಲಿಗೂ ಕಳೆದುಹೋಗದು, ಬಿಳಿಗುಂಡ್ಲು ದಾಟಿ ಜೂನ್ ಲೆಕ್ಕಕ್ಕೇ ಜಮೆಯಾಗುತ್ತದೆ. ಹೇಗಿದ್ದರೂ ಕೊಡಬೇಕಾದ ನೀರನ್ನು ಮೀನಿಗೆ ಅರ್ಥವಾಗುವ ಆಕಾರದಲ್ಲಿ ಕೊಟ್ಟಂತೆ. ನಿಜ, ಜೂನ್ ಆರಂಭದಲ್ಲಿ ಜಲಾಶಯ ತಳ ಕಂಡಿರುವಾಗ ಎಂಜಿನಿಯರ್ ಹಿಂಜರಿಯುತ್ತಾರೆ, ಮುಂದೆ ಮಳೆ ನಿಂತರೆ ಗತಿಯೇನು ಎಂದು. ಆದ್ದರಿಂದ ದಿನಾಂಕವನ್ನಲ್ಲ, ಒಳಹರಿವನ್ನು ಷರತ್ತಾಗಿಡಬೇಕು. ಇಷ್ಟು ಕ್ಯೂಸೆಕ್ ಒಳಬಂದರೆ ಇಷ್ಟು ಹೊರಗೆ, ಬಾರದಿದ್ದರೆ ಇಲ್ಲ.

ಇದಕ್ಕೂ ಆಕ್ಷೇಪವಿದೆ, ಅದೂ ಪರಿಸರದ ಕಡೆಯಿಂದಲೇ. ಕೃಷ್ಣರಾಜಸಾಗರದ ಕೆಳಗೆ ರಂಗನತಿಟ್ಟು ಇದೆ. ಮುಂಗಾರಿನಲ್ಲಿ ಒಮ್ಮೆಲೇ ಹೆಚ್ಚು ನೀರು ಬಿಟ್ಟು ನಡುಗಡ್ಡೆಗಳು ಮುಳುಗಿ ತಡವಾಗಿ ಕಟ್ಟಿದ ಗೂಡುಗಳು ಕೊಚ್ಚಿಹೋದ ವರ್ಷಗಳಿವೆ. ಮೀನಿಗೆ ಬೇಕಾದ ಜೂನ್ ಪ್ರವಾಹ ಹಕ್ಕಿಗೆ ಕಂಟಕವಾಗಬಹುದು! ತಮಾಷೆಯೆಂದರೆ 1940ರಲ್ಲಿ ಸಲೀಂ ಅಲಿಯವರ ಸಲಹೆಯಂತೆ ಪಕ್ಷಿಧಾಮವಾದ, 2022ರಲ್ಲಿ ರಾಮ್ಸಾರ್ ಪಟ್ಟಿಗೆ ಸೇರಿದ ಈ ನಡುಗಡ್ಡೆಗಳು ಹುಟ್ಟಿದ್ದೇ 1640ರ ದಶಕದಲ್ಲಿ ಹೊಳೆಗೆ ಕಟ್ಟಿದ ಅಣೆಯೊಂದರಿಂದ. ಎಷ್ಟು ಕ್ಯೂಸೆಕ್ಕಿಗೆ ಯಾವ ನಡುಗಡ್ಡೆ ಎಷ್ಟು ಮುಳುಗುತ್ತದೆ, ನೀರು ಗಂಟೆಗೆ ಎಷ್ಟು ಅಂಗುಲ ಏರಿದರೆ ಮರಿಗಳು ತಪ್ಪಿಸಿಕೊಳ್ಳುತ್ತವೆ ಎಂಬುದನ್ನು ಅಳತೆಪಟ್ಟಿ ನೆಟ್ಟು, ಗೂಡು ಎಣಿಸಿ ಕಂಡುಹಿಡಿಯಬೇಕು. ಮೈಸೂರು, ಮಂಡ್ಯದ ಕಾಲೇಜುಗಳಿಗೆ ಇದು ದೂರದ ಕೆಲಸವಲ್ಲ.

ಇದೇ ಕಾರಣಕ್ಕೆ ಮೇಕೆದಾಟುವಿನ ಪ್ರಸ್ತಾಪವನ್ನೂ ಈ ದೃಷ್ಟಿಯಿಂದ ಓದಬೇಕು. 67 ಟಿಎಂಸಿ ಸಂಗ್ರಹದ ಆ ಜಲಾಶಯಕ್ಕೆ ಮುಳುಗುವುದು ಸುಮಾರು 5,000 ಹೆಕ್ಟೇರ್, ಬಹುಪಾಲು ಕಾವೇರಿ ವನ್ಯಜೀವಿಧಾಮದ ಕಾಡು. ಮಹಶೀರ್, ನೀರುನಾಯಿ, ಮೊಸಳೆಗಳಿಗೆ ಮತ್ತು ದಂಡೆಯ ಹೊಳೆಮತ್ತಿ ಮರಗಳಲ್ಲಿ ಗೂಡು ಕಟ್ಟುವ ಬೂದುಗೂದಲಿನ ದೊಡ್ಡ ಅಳಿಲಿಗೆ ಉಳಿದಿರುವ ಹರಿಯುವ ಕಾವೇರಿಯ ನಡುಭಾಗ ಅದೇ. ಬೆಂಗಳೂರಿಗೆ ನೀರು, ಬರಗಾಲಕ್ಕೆ ದಾಸ್ತಾನು ಎಂಬ ವಾದಕ್ಕೆ ತೂಕವಿದೆ. ಆದರೆ ಆ ವಾದದಲ್ಲಿ 'ಸಮತೋಲನ ಜಲಾಶಯ' ಎಂದು ಹೆಸರಿಟ್ಟಿರುವುದು ಎರಡು ರಾಜ್ಯಗಳ ನೀರಿನ ಸಮತೋಲನಕ್ಕೆ. ಅಲ್ಲಿಂದ ಕೆಳಗೆ ಯಾವ ತಿಂಗಳು, ಯಾವ ತಾಪದ, ಗಂಟೆಗೆ ಎಷ್ಟು ಏರಿಳಿತದ ನೀರು ಬಿಡಲಾಗುವುದು ಎಂಬ ನಿಯಮವನ್ನು ಯೋಜನೆಯ ಜೊತೆಗೇ ಮುಂದಿಡಬೇಕು, ಕಟ್ಟಿದ ಮೇಲೆ ಅಲ್ಲ.

ಇಷ್ಟರಲ್ಲಿ ನಿಮ್ಮ ವಿದ್ಯಾರ್ಥಿಗಳು ಮಾಡಬಹುದಾದ ಕೆಲಸ ಒಂದಿದೆ. ಪತ್ರಿಕೆಗಳಲ್ಲಿ ಪ್ರತಿದಿನ ಕೃಷ್ಣರಾಜಸಾಗರದ ಗರಿಷ್ಠ ಮಟ್ಟ 124.80 ಅಡಿ, ಇಂದಿನ ಮಟ್ಟ, ಒಳಹರಿವು, ಹೊರಹರಿವು ಎಂದು ಬರುತ್ತದೆ. ಜೂನ್ ಒಂದರಿಂದ ಒಳಹರಿವು, ಹೊರಹರಿವುಗಳನ್ನು ಒಂದೇ ನಕ್ಷೆಯ ಹಾಳೆಯ ಮೇಲೆ ಗುರುತಿಸುತ್ತ ಹೋಗಿ. ಒಳಹರಿವಿನ ರೇಖೆಯ ಮೊದಲ ಶಿಖರಗಳು ಹೊರಹರಿವಿನಲ್ಲಿ ಎಷ್ಟು ದಿನ ತಡವಾಗಿ ಕಾಣುತ್ತವೆ, ಕಾಣುತ್ತವೆಯೇ ಎಂದು ನೋಡಿ. ಒಂದು ಎಚ್ಚರಿಕೆ: ಹೊರಹರಿವು ಎಂದು ಅಚ್ಚಾಗುವ ಅಂಕಿಯಲ್ಲಿ ನಾಲೆಗಳಿಗೆ ಬಿಟ್ಟದ್ದೂ ಹೊಳೆಗೆ ಬಿಟ್ಟದ್ದೂ ಬಹುಮಟ್ಟಿಗೆ ಸೇರಿಕೊಂಡಿರುತ್ತವೆ. ಬೇಸಿಗೆಯ ದಿನಗಳಲ್ಲಿ 3,000 ಕ್ಯೂಸೆಕ್ ಎಂದು ಓದಿದರೆ ಅದರಲ್ಲಿ ಎಷ್ಟು ವಿಶ್ವೇಶ್ವರಯ್ಯ ನಾಲೆಗೆ, ಎಷ್ಟು ಶ್ರೀರಂಗಪಟ್ಟಣದ ಕಡೆಗೆ ಹೋಯಿತು ಎಂದು ತಿಳಿಯದು. ಎರಡನ್ನೂ ಬಿಡಿಸಿ ಕೊಡುವಂತೆ ಜಲಾಶಯದ ಕಚೇರಿಗೆ ಮಾಹಿತಿ ಹಕ್ಕಿನ ಅರ್ಜಿ ಹಾಕಬಹುದು. ಶುಲ್ಕ ಹತ್ತು ರೂಪಾಯಿ.